ಕುಂಕುಮ ತರುವಷ್ಟು ಹೊತ್ತು

“ಇರ್ರಿ ಖುರ್ಷೀದಮ್ಮ, ಹಂಗೇ ಹೋಗ್ಬಾರ್ದು. ಒಂದ್ ನಿಮಿಷ, ಬಂದೆ.”

ಆಂಜನಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು ದೇವರಮನೆಯ ಕಡೆಗೆ ಹೊರಟರು. ಚಪ್ಪಲಿಗೆ ಕಾಲು ತೂರಿಸಲು ಹೋಗಿದ್ದ ಖುರ್ಷೀದಾ ಹಾಗೆಯೇ ನಿಂತಳು.

ಹಜಾರದಲ್ಲಿ ಈಗ ಅವಳೊಬ್ಬಳೇ. ಪೂರ್ತಿ ಒಬ್ಬಳೇ ಎನ್ನುವಂತಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆಂಜನಮ್ಮನವರ ಯಜಮಾನರು ಮುನಿನಾರಾಯಣಪ್ಪ ಕಣ್ಣು ಮುಚ್ಚಿ ಕೂತಿದ್ದರು. ಎಂಬತ್ತೊಂದು ವರ್ಷ, ಎರಡೂ ಕಿವಿ ಮಂದ. ಪಕ್ಕದಲ್ಲಿ ಪಟಾಕಿ ಹೊಡೆದರೂ ರೆಪ್ಪೆ ಅಲುಗದು.

ಅವಳ ಕಣ್ಣೆದುರಿಗೆ, ಬಾಗಿಲ ಚೌಕಟ್ಟಿನ ಮೊಳೆಯಲ್ಲಿ, ಮನೆಯ ಕೀ ತೂಗುತ್ತಿತ್ತು.

ಖುರ್ಷೀದಾ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. “ಈ ತಟ್ಟೆ ಎಲ್ಲೋಯ್ತು” ಎಂಬ ಗೊಣಗಾಟ. ಎಣಿಕೆ ನೂರು ದಾಟಿತು. ಅವಳು ಕೀ ತೆಗೆದಳು, ಎರಡೂ ಕಡೆ ತಿರುಗಿಸಿ ನೋಡಿದಳು, ಮೂಗಿನ ಹತ್ತಿರ ಹಿಡಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡು, ದುಪಟ್ಟಾ ಸರಿಮಾಡಿಕೊಂಡು ಸಾಧುವಿನ ಮುಖ ಮಾಡಿ ನಿಂತಳು. ಇನ್ನೂರು ದಾಟಿದ ಮೇಲೆ ಆಂಜನಮ್ಮ ತಟ್ಟೆ ಹಿಡಿದು ಬಂದರು.

“ನಿಮ್ಗೆ ಕುಂಕುಮ ಇಡಲ್ಲ, ಗೊತ್ತು. ಹೂವು, ಹಣ್ಣಾದ್ರೂ ತಗೊಳ್ಳಿ.”

“ತಗೋತೀನಿ ಅಮ್ಮ. ನಿಮ್ಮನೆ ಕೀ ಎಲ್ಲಿ?”

“ಅಗೋ, ಮೊಳೇಲಿ...” ಎಂದು ಬೆರಳು ಚಾಚಿದ ಆಂಜನಮ್ಮ ಬರಿ ಮೊಳೆಯನ್ನು ನೋಡಿ ತಬ್ಬಿಬ್ಬಾದರು.

“ಆಯಮ್ಮ ಬ್ಯಾಗ್ಗೆ ಹಾಕ್ಕೊಂಡ್ಳು ಕಣೇ,” ಎಂದು ಕಿಟಕಿಯ ಕಡೆಯಿಂದ ಗಟ್ಟಿ ದನಿ ಬಂತು. ಮುನಿನಾರಾಯಣಪ್ಪ ಕಣ್ಣು ತೆರೆದಿದ್ದರು. “ನಾನ್ ನೋಡ್ದೆ. ಮೂಸಿ ನೋಡಿ ಹಾಕ್ಕೊಂಡ್ಳು.”

ಖುರ್ಷೀದಾಗೆ ನಗು ತಡೆಯಲಾಗಲಿಲ್ಲ. ಕೀ ತೆಗೆದು ಆಂಜನಮ್ಮನವರ ಕೈಗಿಟ್ಟಳು.

“ಮೂರೂವರೆ ನಿಮಿಷ ಒಳಗಿದ್ರಿ. ಈಗ ಹೇಳಿ. ಆ ಕಣ್ಣಿನ ಕ್ಯಾಂಪಿನ ಹೆಂಗಸು ಸೋಮವಾರ ಬಂದಾಗ, ಅವಳನ್ನ ಒಬ್ಳನ್ನೇ ಬಿಟ್ಟು ಎಲ್ಲೂ ಹೋಗ್ಲಿಲ್ಲ ಅಂದ್ರಿ.”

“ಎಲ್ಲೂ ಹೋಗ್ಲಿಲ್ಲ ಕಣಮ್ಮ, ದೇವ್ರಾಣೆ. ಇಲ್ಲೇ ಎದ್ರಿಗೇ ಕೂತಿದ್ದೆ.”

“ಹೊರಡೋವಾಗ ಕುಂಕುಮ ಕೊಟ್ರಾ?”

“ಕೊಡ್ದೆ ಇರ್ತೀನಾ? ಮುತ್ತೈದೆ ಮನೆಗೆ ಬಂದಿದ್ಲು, ಹಂಗೇ ಕಳ್ಸಕ್ಕಾಗುತ್ತಾ...” ಆಂಜನಮ್ಮನವರ ಮಾತು ಅಲ್ಲಿಗೆ ನಿಂತಿತು. “ಅಯ್ಯೋ, ಶಿವನೇ.”

ತಿಂಗಳೊಪ್ಪತ್ತಿನಲ್ಲಿ ಕಗ್ಗದಾಸಪುರದ ಈ ಹಳೇ ಊರಿನ ಬೀದಿಯಲ್ಲಿ ಮೂರು ಮನೆಗಳು, ಬೀಗ ಒಡೆಯದೆ, ಹಾಡಹಗಲೇ ಬರಿದಾಗಿದ್ದವು. ಅದಕ್ಕೆ ಮೊದಲು ಆ ಕ್ಯಾಂಪಿನ ಹೆಂಗಸು ಮೂರೂ ಮನೆಗೆ ಬಂದುಹೋಗಿದ್ದಳು; ಆಂಜನಮ್ಮನವರದು ಅವಳು ಹೊಕ್ಕ ನಾಲ್ಕನೆಯ ಮನೆ. ಮೂರೂ ಮನೆಯ ಅಜ್ಜಿಯರು ಇದೇ ಮಾತು ಹೇಳಿದ್ದರು. ಬಂದವಳನ್ನು ಬಿಟ್ಟು ಅಲ್ಲಾಡಲಿಲ್ಲ ಎಂದು. ಯಾರೂ ಸುಳ್ಳು ಹೇಳಿರಲಿಲ್ಲ. ಕುಂಕುಮ ತರಲು ಒಳಗೆ ಹೋಗುವುದನ್ನು ಈ ಬೀದಿಯಲ್ಲಿ ಯಾರೂ ಹೋಗುವುದೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಪೊಲೀಸರು ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಆ ಪದ್ಧತಿಯಿಲ್ಲದ ಮನೆಯಿಂದ ಬಂದವಳಾದ್ದರಿಂದ ಖುರ್ಷೀದಾಗೆ ಅದು ಕಣ್ಣಿಗೆ ಬಿತ್ತು.

ಅವಳು ಪೊಲೀಸಿನವಳಲ್ಲ. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಕೀ ಮಾಡುವ ಪುಟ್ಟ ಅಂಗಡಿ ಅವಳದು. ಗಂಡ ಅಮೀರ್ ಕಲಿಸಿಕೊಟ್ಟ ಕಸುಬು. ಅವನು ಹೋಗಿ ನಾಲ್ಕು ವರ್ಷವಾಯಿತು. ಐವತ್ತೆಂಟರ ಈ ವಯಸ್ಸಿನಲ್ಲೂ ಅವಳು ಅರ ಹಿಡಿದರೆ ಕೀಯೊಂದು ಹತ್ತು ನಿಮಿಷಕ್ಕೆ ಸಿದ್ಧ. ಇಷ್ಟು ದೂರ ಬಸ್ಸು ಹತ್ತಿ ಬಂದದ್ದು ಹೂವಿನ ಬಾಲಮ್ಮನಿಗಾಗಿ.

ಬಾಲಮ್ಮ ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ರಸೆಲ್ ಮಾರ್ಕೆಟ್ಟಿನಲ್ಲಿ ಹೂವು ಕೊಂಡು, ಖುರ್ಷೀದಾಳ ಅಂಗಡಿ ಮುಂದೆ ಒಂದು ಟೀ ಕುಡಿದು, ಇಲ್ಲಿಗೆ ಬಂದು ಮಾರುವವಳು. ಈ ಬೀದಿಯ ಹನ್ನೊಂದು ಮನೆಯ ವಯಸ್ಸಾದವರು ಅವಳ ಕೈಗೆ ಮನೆಯ ಕೀ ಕೊಟ್ಟಿದ್ದರು. ಗೇಟಿಗೆ ಸಿಕ್ಕಿಸಿದ ನೆನ್ನೆಯ ಹೂವಿನ ಪೊಟ್ಟಣ ಇವತ್ತೂ ಅಲ್ಲೇ ಇದ್ದರೆ ಅವಳು ಬಾಗಿಲು ತೆರೆದು ಒಳಗೆ ನೋಡುತ್ತಾಳೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಿದ್ದ ಆಂಜನಮ್ಮನವರನ್ನು ಎತ್ತಿ ಕೂರಿಸಿದವಳು ಅವಳೇ.

ಈಗ ಎಲ್ಲರ ಬೆರಳೂ ಆ ಕೀ ಗೊಂಚಲಿನ ಕಡೆಗೇ. ಸಾಯಂಕಾಲ ಐದು ಗಂಟೆಗೆ ಬೀದಿಯ ಸಂಘದ ಮೀಟಿಂಗು. ಕೀ ಕಿತ್ತುಕೊಂಡು, ಅವಳ ಹೆಸರಿನಲ್ಲಿ ದೂರು ಕೊಟ್ಟು, ಬೀದಿಗೆ ಕಾಲಿಡದಂತೆ ಮಾಡುವುದು ಅದರ ಉದ್ದೇಶ. ಇಪ್ಪತ್ತು ವರ್ಷದ ಹೆಸರು ಒಂದೇ ಸಾಯಂಕಾಲಕ್ಕೆ ಮಣ್ಣುಪಾಲು.

ಬೆಳಗ್ಗೆ ಬಾಲಮ್ಮ ಅಳುತ್ತಾ ಆ ಗೊಂಚಲನ್ನು ಅಂಗಡಿಯ ಮೇಜಿನ ಮೇಲಿಟ್ಟಿದ್ದಳು. ಖುರ್ಷೀದಾ ಭೂತಗನ್ನಡಿ ಹಿಡಿದು ಹನ್ನೊಂದನ್ನೂ ನೋಡಿದ್ದಳು. ಅವುಗಳಲ್ಲಿ ನಾಲ್ಕು ಅವಳ ಅಂಗಡಿಯಲ್ಲೇ ಮಾಡಿದವು. ಹಿಡಿಯ ಅಂಚಿನಲ್ಲಿ ಅಮೀರನ ಸಣ್ಣ ಗೀರು ಕಂಡು ಅವಳ ಎದೆ ತುಂಬಿ ಬಂದಿತ್ತು. ಹಲ್ಲು ಕೊರೆಯುವ ಮೊದಲು ಬಿಸ್ಮಿಲ್ಲಾ ಎಂದು ಹಿಡಿಯ ಮೇಲೆ ಒಂದು ಗೀರು ಎಳೆಯುವುದು ಅಮೀರನ ಅಬ್ಬಾ ಇಬ್ಬರು ಗಂಡುಮಕ್ಕಳಿಗೂ ಕಲಿಸಿದ ರೂಢಿ. ಒಳ್ಳೇ ಕೀ ಹಾಳುಮಾಡ್ತೀರ ಎಂದು ಅವಳು ಸದಾ ರೇಗಿಸುತ್ತಿದ್ದಳು. ತಾನು ಮಾತ್ರ ಬಾಯಲ್ಲೇ ಹೇಳಿ ಕೆಲಸ ಶುರುಮಾಡುವವಳು.

“ಭಾಭಿ, ನೀವು ನಿಶ್ಚಿಂತೆಯಿಂದ ಹೋಗ್ಬನ್ನಿ,” ಎಂದಿದ್ದ ಮೈದುನ ಜಿಯಾವುಲ್ಲಾ. “ಅಂಗಡಿ ನಾನ್ ನೋಡ್ಕೋತೀನಿ.” ಅಣ್ಣ ಹೋದಾಗಿನಿಂದ ಅಂಗಡಿಯ ಶಟರನ್ನು ಅವನು ಒಂದು ದಿನವೂ ಅವಳ ಕೈಯಲ್ಲಿ ಎತ್ತಿಸಿದವನಲ್ಲ. ಇಂಥ ಮೈದುನ ಇರುವುದು ತನ್ನ ಪುಣ್ಯ ಎಂದು ಅವಳು ದಿನಕ್ಕೊಮ್ಮೆಯಾದರೂ ಅಂದುಕೊಳ್ಳುವಳು.

ಆಂಜನಮ್ಮನವರ ಮಗ ಮುನಿರಾಜ್ ಮೇಲಿನ ಮಹಡಿಯಿಂದ ಇಳಿದು ಬಂದ. ಬೀದಿಯ ಸಂಘದ ಕಾರ್ಯದರ್ಶಿ ಅವನೇ. ನಲವತ್ತೈದರ ಆಳು, ಕೈಯಲ್ಲಿ ಮೀಟಿಂಗಿನ ಪುಸ್ತಕ.

“ಮೇಡಮ್, ನಂಗೇನು ಬಾಲಮ್ಮನ ಮೇಲೆ ದ್ವೇಷ ಇಲ್ಲ. ಇಪ್ಪತ್ತು ವರ್ಷದಿಂದ ನೋಡಿದೀನಿ. ಆದ್ರೆ ಬೀಗ ಒಡೆದಿಲ್ಲ, ಕೀ ಇರೋದು ಅವ್ಳ ಹತ್ರ. ಜನ ಕೇಳ್ತಾರೆ, ಏನ್ ಹೇಳ್ಲಿ?”

“ಇದನ್ನ ಮೂಸಿ ನೋಡಪ್ಪ.” ಖುರ್ಷೀದಾ ಆಂಜನಮ್ಮನವರ ಕೈಯಿಂದ ಕೀ ತೆಗೆದು ಅವನ ಮೂಗಿಗೆ ಹಿಡಿದಳು.

“ಸೋಪ್ ವಾಸನೆ.”

“ಹಲ್ಲಿನ ಸಂದೀಲಿ ನೋಡು, ಹಸಿರು ಮೆತ್ತಿದೆ. ಬಟ್ಟೆ ಸೋಪು. ಯಾರೋ ಇದನ್ನ ಸೋಪಿನ ಮೇಲೆ ಒತ್ತಿ ಅಚ್ಚು ತಗೊಂಡಿದಾರೆ. ಬಾಲಮ್ಮನ ಹತ್ರ ಇರೋ ಹನ್ನೊಂದು ಕೀನೂ ಬೆಳಗ್ಗೆ ನೋಡ್ದೆ. ಒಂದ್ರಲ್ಲೂ ಸೋಪಿಲ್ಲ. ಬರೀ ಮಲ್ಲಿಗೆ ವಾಸನೆ.”

ಮುನಿರಾಜ್ ತಲೆ ಕೆರೆದುಕೊಂಡ. “ಹಂಗಂತ ಮೀಟಿಂಗಲ್ಲಿ ಹೇಳಿದ್ರೆ ನಗ್ತಾರೆ ಮೇಡಮ್. ಕಳ್ಳರ ಕೈಲಿರೋ ಕೀ ಬೇಕು.”

“ಅದೂ ಸಿಗುತ್ತೆ. ಅದು ಕೈಗೆ ಬಂದ್ರೆ ಮಾಡ್ದೋರ್ ಯಾರು ಅಂತಾನೂ ಹೇಳ್ತೀನಿ. ದಂಡಿನಲ್ಲಿ, ನಮ್ಮ ಶಿವಾಜಿನಗರದ ಕಡೆ, ಕೀ ಮಾಡೋ ಒಂದೊಂದು ಕೈನೂ ನಂಗೆ ಗೊತ್ತು. ಅಕ್ಷರ ಇದ್ದಂಗೆ, ಅರದ ಏಟೂ ಒಬ್ಬೊಬ್ರದು ಒಂದೊಂದ್ ಥರ.”

ಜಂಬವೇ ಸರಿ. ಆದರೆ ಕಸುಬುದಾರರಿಗೆ ಅಷ್ಟು ಜಂಬ ಇರಬೇಕು.

ಅವಳು ಆಂಜನಮ್ಮನವರ ಕಡೆ ತಿರುಗಿದಳು. “ಅವಳು ಮತ್ತೆ ಬರ್ತೀನಿ ಅಂದಿದಾಳಲ್ವಾ?”

“ಇವತ್ತೇ, ಮೂರು ಗಂಟೆಗೆ. ಕ್ಯಾಂಪಿನ ಚೀಟಿ ಕೊಡೋಕೆ. ನಿಮ್ಗೆ ಹೆಂಗ್ ಗೊತ್ತಾಯ್ತು?”

“ಆ ಮೂರು ಮನೆಗೂ ಎರಡೆರಡು ಸಲ ಬಂದಿದ್ಲು. ಯಾಕೆ ಅಂತ ಬೆಳಗಿಂದ ತಲೆ ಕೆಡಿಸ್ಕೊಂಡಿದ್ದೆ. ಈಗ ಗೊತ್ತಾಯ್ತು. ಸೋಪಿನ ಅಚ್ಚಲ್ಲಿ ಮಾಡಿದ ಕೀ ಒಂದೇ ಸಲಕ್ಕೆ ತಿರುಗಲ್ಲ. ಒಂದ್ಸಲ ಬೀಗಕ್ಕೆ ಹಾಕಿ, ಎಲ್ಲಿ ತಡೀತಿದೆ ನೋಡಿ, ಮತ್ತೆ ಅರ ಹಾಕ್ಬೇಕು. ಮೊದಲ್ನೇ ಕುಂಕುಮಕ್ಕೆ ಅಚ್ಚು. ಎರಡನೇ ಕುಂಕುಮಕ್ಕೆ ಪರೀಕ್ಷೆ.”

ಆಂಜನಮ್ಮ ಕುರ್ಚಿಯಲ್ಲಿ ಕುಸಿದು ಕೂತರು. “ನಂದೇ ತಪ್ಪು. ನಾನೇ ಬಾಗಿಲು ತೆಗ್ದು ಕೂರಿಸ್ದೆ. ಆಸ್ಪತ್ರೆಗೆ ಯಾವತ್ತು ಹೋಗ್ತೀರಾ ಅಂದ್ಲು, ಅದನ್ನೂ ಹೇಳ್ದೆ. ಆ ಬಡಪಾಯಿ ಬಾಲಮ್ಮನ ತಲೆ ಮೇಲೆ ಬಂತು.”

“ನಿಮ್ಮದೇನು ತಪ್ಪಿಲ್ಲ ಅಮ್ಮ. ಬಂದೋರಿಗೆ ಮರ್ಯಾದೆ ಮಾಡಿದ್ರಿ. ಇವತ್ತೂ ಮಾಡಿ. ಏನೂ ಗೊತ್ತಿಲ್ದಂಗೆ ಒಳಗೆ ಹೋಗಿ, ನಿಧಾನಕ್ಕೆ ಬನ್ನಿ.”

“ನಿಧಾನಕ್ಕಲ್ದೆ ಇನ್ನೇನು, ಈ ಮಂಡಿ ಇಟ್ಕೊಂಡು ಓಡ್ಲಾ?” ಎಂದರು ಆಂಜನಮ್ಮ. ಆ ಮಾತಿಗೆ ತಾವೇ ನಕ್ಕರು. ಆಮೇಲೆ ಖುರ್ಷೀದಾಳನ್ನು ಬಿಡದೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಮುದ್ದೆ, ಬಸ್ಸಾರು ಬಡಿಸಿದರು. ಖುರ್ಷೀದಾ ಎರಡನೇ ಸಲ ಸಾರು ಹಾಕಿಸಿಕೊಂಡಳು. ಕಳ್ಳರನ್ನು ಹಿಡಿಯುವ ದಿನವೂ ಹೊಟ್ಟೆ ತನ್ನ ಪಾಡಿಗೆ ತಾನು ಕೇಳುತ್ತದೆ.

ಮೂರು ಗಂಟೆ ಐದು ನಿಮಿಷಕ್ಕೆ ಗೇಟು ಕಿರುಗುಟ್ಟಿತು.

ಖುರ್ಷೀದಾ ಮತ್ತು ಮುನಿರಾಜ್ ಎದುರಿನ ಕೋಣೆಯ ಪರದೆಯ ಹಿಂದಿದ್ದರು. ಮುನಿರಾಜ್ ಆಗಲೇ ಬೀಟ್ ಪೊಲೀಸರಿಗೆ ಫೋನ್ ಮಾಡಿಯಾಗಿತ್ತು. ಹಜಾರದಲ್ಲಿ ಮುನಿನಾರಾಯಣಪ್ಪ ಎಂದಿನಂತೆ ಕಣ್ಣು ಮುಚ್ಚಿದ್ದರು.

“ನಮಸ್ಕಾರ ಅಮ್ಮ. ನಾನು ಹಂಸ, ಕ್ಯಾಂಪಿಂದ. ಕಾಲು ನೋವು ಹೆಂಗಿದೆ?”

ಮೂವತ್ತೈದರ ಹೆಂಗಸು. ಕಾಟನ್ ಸೀರೆ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಮುಡಿಯಲ್ಲಿ ಹೂವು. ಮಾತು ಬೆಣ್ಣೆ. ಚೀಟಿ ಕೊಟ್ಟಳು, ಸಹಿ ಹಾಕಿಸಿಕೊಂಡಳು, ನೀರು ಕೇಳಿ ಕುಡಿದಳು, ಮೆಲ್ಲಗೆ ಎದ್ದಳು.

“ಇರಮ್ಮಾ, ಕುಂಕುಮ ತಗೊಂಡು ಹೋಗುವಂತೆ!” ಎಂದರು ಆಂಜನಮ್ಮ. ದನಿ ಬೇಕಾದ್ದಕ್ಕಿಂತ ತುಸು ದೊಡ್ಡದೇ ಆಯಿತು. ಪರದೆಯ ಹಿಂದೆ ಮುನಿರಾಜ್ ಹಣೆ ಚಚ್ಚಿಕೊಂಡ.

ಹೆಂಗಸಿಗೆ ಅನುಮಾನ ಬರಲಿಲ್ಲ. ಆಂಜನಮ್ಮ ಕಣ್ಮರೆಯಾದದ್ದೇ ತಡ, ಕುರ್ಚಿಯ ಕಡೆಗೊಮ್ಮೆ ನೋಡಿದಳು. ಮುದುಕಪ್ಪ ನಿದ್ದೆ. ಫೈಲಿನ ಮಡಿಕೆಯಿಂದ ಒಂದು ಕೀ ತೆಗೆದು, ತೆರೆದಿದ್ದ ಬಾಗಿಲಿನ ಬೀಗಕ್ಕೆ ತೂರಿಸಿದಳು. ತಿರುಗಿಸಿದಳು. ತಿರುಗಲಿಲ್ಲ.

“ತಿರುಗಲ್ಲ ಮಗಳೇ,” ಎಂದಳು ಖುರ್ಷೀದಾ, ಪರದೆ ಸರಿಸಿ. “ಸೋಪಿನ ಕೀ ಮೊದಲ್ನೇ ಸಲಕ್ಕೆ ಯಾವತ್ತೂ ತಿರುಗಲ್ಲ.”

ಹೆಂಗಸು ಬೆಚ್ಚಿ ಕೀ ಹೊರಗೆಳೆದಳು. ಕ್ಷಣದಲ್ಲೇ ಮುಖಕ್ಕೆ ನಗು ತಂದುಕೊಂಡಳು. “ಕೀ ಬಾಗಿಲಲ್ಲೇ ಇತ್ತು ಆಂಟಿ. ಬಿದ್ದೋಗುತ್ತೆ ಅಂತ ತೆಗ್ದೆ.”

“ಮನೆ ಕೀ ಮೊಳೇಲಿದೆ, ನೋಡು. ಎಲ್ಲಿ, ಕೈ ತೋರಿಸು.”

“ಯಾಕೆ? ನೀವ್ಯಾರು ಕೇಳೋಕೆ?”

“ಹೆಬ್ಬೆರಳು ನೋಡ್ಕೋ. ಬಾಗಿಲಲ್ಲಿರೋ ಕೀಗೆ ಕ್ಯಾಂಡಲ್ ಮಸಿ ಯಾರು ಹಚ್ತಾರೆ? ಬೀಗದೊಳಗೆ ಮಸಿ ಎಲ್ಲಿ ಅಳಿಸುತ್ತೋ ಅಲ್ಲಿ ಅರ ಹಾಕೋಣ ಅಂತ, ಕೀ ಮಾಡ್ದೋನು ಹಚ್ಚಿ ಕಳ್ಸಿದಾನೆ. ಅಲ್ವಾ?”

ಹೆಂಗಸಿನ ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪಾಗಿದ್ದವು. ಅವಳು ಸಟ್ಟನೆ ಬಾಗಿಲಿನ ಕಡೆ ಹಾರಿದಳು. ಹೊಸ್ತಿಲು ದಾಟುವ ಮೊದಲೇ ಅಡ್ಡಲಾಗಿ ಒಂದು ಊರುಗೋಲು ಬಂತು.

“ಕಿವಿ ಕೇಳ್ಸಲ್ಲ ಅಂತ ಕಣ್ಣೂ ಕಾಣ್ಸಲ್ಲ ಅಂದ್ಕೊಂಡ್ಯಾ?” ಎಂದರು ಮುನಿನಾರಾಯಣಪ್ಪ. ಹತ್ತು ವರ್ಷದಿಂದ ಇಂಥದ್ದೊಂದು ಅವಕಾಶಕ್ಕೇ ಕಾದಿದ್ದವರ ಹಾಗಿತ್ತು ಅವರ ಮುಖ.

ಮುನಿರಾಜ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹೆಂಗಸು ಸೋತು ಗೋಡೆಗೆ ಒರಗಿದಳು. ಅಷ್ಟರಲ್ಲಿ ಆಂಜನಮ್ಮ ತಟ್ಟೆಯೊಂದಿಗೆ ಹೊರಬಂದರು. ಎಲ್ಲರ ಮುಖವನ್ನೂ ನೋಡಿದರು. ಅವರ ಕಣ್ಣು ತುಂಬಿತು.

“ಹೊರಗೆ ತಂದ ತಟ್ಟೆ ಹಂಗೇ ಒಳಗೆ ತಗೊಂಡೋಗ್ಬಾರ್ದು,” ಎಂದವರೇ ಹೆಂಗಸಿನ ಹಣೆಗೆ ಕುಂಕುಮ ಇಟ್ಟರು. “ಎರಡು ಸಲ ನನ್ನ ಕೈಯಿಂದ ಇಡಿಸ್ಕೊಂಡೆ ಕಣೇ. ಒಂದ್ಸಲನಾದ್ರೂ ನಿಂಗೆ ಏನೂ ಅನ್ನಿಸ್ಲಿಲ್ವಾ?”

ಅಲ್ಲಿಯವರೆಗೆ ಸೆಟೆದು ನಿಂತಿದ್ದ ಹೆಂಗಸು ತಲೆ ತಗ್ಗಿಸಿದಳು.

“ಕೀ ಮಾಡ್ಕೊಟ್ಟಿದ್ದು ಯಾರು?” ಎಂದಳು ಖುರ್ಷೀದಾ.

“ನೀವು ಕೀ ಮಾಡೋರಾ?”

“ಹೌದು. ಶಿವಾಜಿನಗರದಲ್ಲಿ.”

ಹೆಂಗಸು ತಲೆಯೆತ್ತಿ ಖುರ್ಷೀದಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ತುಟಿಯ ಕೊನೆಯಲ್ಲಿ ನಗು ಸುಳಿಯಿತು. “ಹಂಗಾದ್ರೆ ನನ್ನ ಯಾಕೆ ಕೇಳ್ತೀರಾ ಆಂಟಿ?”

ಅದಕ್ಕಿಂತ ಹೆಚ್ಚು ಅವಳು ಬಾಯಿ ಬಿಡಲಿಲ್ಲ. ಬಂದ ಮಹಿಳಾ ಪೊಲೀಸರು ಅವಳನ್ನು ಜೀಪಿಗೆ ಹತ್ತಿಸಿದರು. ಕೀಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಹಜರು ಬರೆಯಲು ಸಾಯಂಕಾಲ ಬರುತ್ತೇವೆ, ಅಲ್ಲಿಯವರೆಗೆ ಯಾರೂ ಕವರ್ ಬಿಚ್ಚಬೇಡಿ ಎಂದು ಮುನಿರಾಜನ ಕೈಗೊಪ್ಪಿಸಿ ಹೋದರು.

ಐದು ಗಂಟೆಗೆ ಬೀದಿಯೇ ಆಂಜನಮ್ಮನವರ ಜಗಲಿಯ ಮುಂದೆ ಸೇರಿತ್ತು. ದೂರು ಬರೆಯಲು ಬಂದವರು ಈಗ ಕಾಫಿ ಲೋಟ ಹಿಡಿದು, ಊರುಗೋಲಿನ ಕಥೆಯನ್ನು ಮುನಿನಾರಾಯಣಪ್ಪನವರಿಂದ ಮೂರನೇ ಸಲ ಕೇಳುತ್ತಿದ್ದರು. ಪ್ರತಿ ಸಲವೂ ಕಳ್ಳಿ ಸ್ವಲ್ಪ ಸ್ವಲ್ಪ ಎತ್ತರವಾಗುತ್ತಿದ್ದಳು.

ಬಾಲಮ್ಮ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬೀದಿಯ ತುದಿಯಲ್ಲೇ ನಿಂತಿದ್ದಳು. ಬರಲೋ ಬೇಡವೋ ಎಂಬ ಭಯ. ಮುನಿರಾಜ್ ತಾನೇ ಎದ್ದುಹೋಗಿ ಬುಟ್ಟಿಯನ್ನು ಇಸಿದುಕೊಂಡ.

“ತಪ್ಪಾಯ್ತು ಬಾಲಮ್ಮ. ಎಲ್ರ ಮುಂದೆ ಹೇಳ್ತಿದೀನಿ. ನಿನ್ನ ಮೇಲೆ ಅನುಮಾನ ಪಟ್ಟಿದ್ದು ನಮ್ಮ ತಪ್ಪು.”

“ಅಯ್ಯೋ, ಬಿಡಪ್ಪ ರಾಜು, ನೀನೇನ್ ನಂಗೆ ಹೊರಗಿನೋನಾ?” ಎಂದಳು ಬಾಲಮ್ಮ. ಅಳುವುದೂ ನಗುವುದೂ ಒಟ್ಟೊಟ್ಟಿಗೆ ಬಂತು. ಆಂಜನಮ್ಮ ಅವಳದೇ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ತೆಗೆದು ಅವಳ ಮುಡಿಗೇ ಮುಡಿಸಿದರು. ಹನ್ನೊಂದು ಮನೆಯವರೂ ಒಬ್ಬೊಬ್ಬರಾಗಿ, ನಮ್ಮ ಕೀ ನಿನ್ನ ಹತ್ರಾನೇ ಇರ್ಲಿ ಎಂದರು.

ಜಗಲಿಯ ಮೂಲೆಯಲ್ಲಿ ಕೂತು ನೋಡುತ್ತಿದ್ದ ಖುರ್ಷೀದಾಗೆ ಬಹಳ ಸಂತೋಷವಾಯಿತು. ಅಮೀರ್ ಇರಬೇಕಿತ್ತು ಎನಿಸಿತು.

“ಮೇಡಮ್, ಒಂದ್ ಬಾಕಿ ಇದೆ.” ಮುನಿರಾಜ್ ಕವರ್ ತಂದು ಅವಳ ಕೈಗಿಟ್ಟ. “ಕೀ ಸಿಕ್ರೆ ಯಾರ ಕೈ ಅಂತ ಹೇಳ್ತೀನಿ ಅಂದಿದ್ರಿ. ಹೇಳಿ ಈಗ.”

ಎಲ್ಲರೂ ಕುತೂಹಲದಿಂದ ಹತ್ತಿರ ಸರಿದರು. ಖುರ್ಷೀದಾ ಭೂತಗನ್ನಡಿ ತೆಗೆದಳು. ಕವರಿನ ಮೇಲಿಂದಲೇ ಮೊದಲ ಹಲ್ಲು ನೋಡಿದಳು, ಎರಡನೆಯದು, ಮೂರನೆಯದು. ಚೊಕ್ಕ ಕೆಲಸ. ಒಳ್ಳೇ ಕೈ, ಎಂದುಕೊಂಡಳು. ಕೀಯನ್ನು ಹಿಡಿಯ ಕಡೆಗೆ ಸರಿಸಿದಳು.

ಹಿಡಿಯ ಅಂಚಿನಲ್ಲಿ, ತೂತಿನ ಪಕ್ಕ, ಒಂದು ಸಣ್ಣ ಗೀರು ಇತ್ತು.

ಹೊಚ್ಚ ಹೊಸ ಗೀರು. ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಆ ಗೀರು ಎಳೆಯಲು ಕಲಿತವರು ಇಬ್ಬರೇ. ಒಬ್ಬ ಮಣ್ಣಿಗೆ ಹೋಗಿ ನಾಲ್ಕು ವರ್ಷ. ಹಂಸ ಎಂದು ಹೇಳಿಕೊಂಡ ಆ ಹೆಂಗಸಿನ ನಗು ಅವಳ ಕಣ್ಣ ಮುಂದೆ ಬಂತು.

“ಯಾರದು ಮೇಡಮ್?” ಮುನಿರಾಜ್ ಮತ್ತೆ ಕೇಳಿದ.

ಅವಳು ಬಾಯಿ ತೆರೆಯುವ ಮೊದಲೇ ಬಾಲಮ್ಮ ಎದುರಿಗೆ ಬಂದು ನಿಂತಳು. ಕಣ್ಣೊರೆಸಿಕೊಂಡ ಮುಖದಲ್ಲಿ ಇಪ್ಪತ್ತು ವರ್ಷದ ಹಿಂದಿನ ಗೆಲುವು. ಎರಡೂ ಕೈ ಚಾಚಿದಳು.

“ಅಕ್ಕ, ನನ್ನ ಗೊಂಚಲು ಕೊಡಿ. ದೀಪ ಹಚ್ಚೋ ಹೊತ್ಗೆ ಹನ್ನೊಂದು ಮನೆಗೂ ಹೋಗಿ, ಎಲ್ಲಾ ಕೀನೂ ಭದ್ರವಾಗಿದೆ ಅಂತ ತೋರಿಸ್ಬಿಟ್ಟು ಬರ್ತೀನಿ. ಬೆಳಗ್ಗೆ ನಿಮ್ಮ ಹತ್ರಾನೇ ಕೊಟ್ಟಿದ್ನಲ್ಲ, ಎಲ್ಲಿಟ್ರಿ?”

ಖುರ್ಷೀದಾ ಕವರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

“ಅಂಗಡೀಲಿದೆ ಬಾಲು,” ಎಂದಳು. “ಜಿಯಾವುಲ್ಲಾ ಹತ್ರ.”